‘ಇಂಗ್ಲೆಂಡ್ ಒಂದು ಬಿಟ್ಟು ಯಾರಾದರೂ ಗೆಲ್ಲಲಿ’: ಸ್ಕಾಟರು, ಇಂಗ್ಲಿಷರ ನಡುವಿನ ದಿನನಿತ್ಯದ ಮುನಿಸು

2006ರ ಜೂನ್. ಜರ್ಮನಿಯಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆಯುತ್ತಿತ್ತು. ಇಂಗ್ಲೆಂಡ್ ಆಡುತ್ತಿತ್ತು, ಸ್ಕಾಟ್ಲೆಂಡ್ ಅರ್ಹತೆಯನ್ನೇ ಪಡೆದಿರಲಿಲ್ಲ. ಆ ದಿನಗಳಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದ ಪಾರ್ಕೊಂದರಲ್ಲಿ ಇಂಗ್ಲೆಂಡ್ ಜರ್ಸಿ ಹಾಕಿಕೊಂಡಿದ್ದ ಏಳು ವರ್ಷದ ಹುಡುಗನಿಗೆ ಒಬ್ಬ ಗಂಡಸು ಹೊಡೆದ. ಅಬರ್ಡೀನ್‌ನಲ್ಲಿ ಕಾರಿಗೆ ಇಂಗ್ಲೆಂಡ್ ಬಾವುಟ ಸಿಕ್ಕಿಸಿಕೊಂಡಿದ್ದ ಅಂಗವಿಕಲರೊಬ್ಬರ ಮೇಲೂ ಹಲ್ಲೆಯಾಯಿತು.

ಅದೇ ಹೊತ್ತಿಗೆ ರಾಜಕಾರಣಿಗಳಲ್ಲೂ ಇದೇ ಮಾತು. ಸ್ಕಾಟ್ಲೆಂಡಿನ ಫೈಫ್‌ನಲ್ಲಿ ಬೆಳೆದ ಗಾರ್ಡನ್ ಬ್ರೌನ್ ಆಗ ಬ್ರಿಟನ್ನಿನ ಹಣಕಾಸು ಸಚಿವ. ನಾನು ಇಂಗ್ಲೆಂಡ್ ಪರ ಅಂದರು. ಸ್ಕಾಟ್ಲೆಂಡ್‌ನ ಫಸ್ಟ್ ಮಿನಿಸ್ಟರ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯಸ್ಥರಾಗಿದ್ದ ಜಾಕ್ ಮೆಕಾನಲ್ ಇಂಗ್ಲೆಂಡನ್ನು ಬೆಂಬಲಿಸುವುದಿಲ್ಲ ಅಂದರು. ಇಬ್ಬರೂ ಲೇಬರ್ ಪಕ್ಷದವರೇ. ಇನ್ನು ಸ್ಕಾಟಿಷ್ ಅಭಿಮಾನಿಗಳು ಇಂಗ್ಲೆಂಡಿನ ಗುಂಪಿನಲ್ಲಿದ್ದ ಟ್ರಿನಿಡಾಡ್ ಮತ್ತು ಟೊಬೇಗೋ ತಂಡದ ಜರ್ಸಿ ಕೊಂಡು ಹಾಕಿಕೊಂಡರು. ಆ ತಂಡದಲ್ಲಿ ಜೇಸನ್ ಸ್ಕಾಟ್ಲೆಂಡ್ ಎಂಬ ಆಟಗಾರನಿದ್ದ, ಅವರಿಗೆ ಅಷ್ಟು ಸಾಕಾಗಿತ್ತು.

ಜರ್ಸಿ ಕೊಳ್ಳುವುದು ಬೇರೆ, ಮಗುವಿಗೆ ಹೊಡೆಯುವುದು ಬೇರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಆದರೆ ಎರಡಕ್ಕೂ ನಡುವೆ ಏನೂ ಸಂಬಂಧ ಇಲ್ಲ ಅನ್ನುವುದೂ ಸರಿಯಲ್ಲ. ‘ಸುಮ್ನೆ ತಮಾಷೆಗೆ’ ಅಂತ ಶುರುವಾದದ್ದು ಎಲ್ಲಿ ಹೋಗಿ ನಿಲ್ಲುತ್ತದೆ ಅನ್ನುವುದೇ ಇಲ್ಲಿನ ಪ್ರಶ್ನೆ.

ಇದು ಈಗ ಮತ್ತೆ ಮಾತಿಗೆ ಬರಲು ಕಾರಣವಿದೆ. 2025ರ ನವೆಂಬರ್‌ನಲ್ಲಿ ಸ್ಕಾಟ್ಲೆಂಡ್ ಡೆನ್ಮಾರ್ಕ್ ತಂಡವನ್ನು 4-2ರಿಂದ ಸೋಲಿಸಿ 2026ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. 1998ರ ನಂತರ ಇದೇ ಮೊದಲು. ಇಂಗ್ಲೆಂಡ್ ಕೂಡ ಅರ್ಹತೆ ಪಡೆದಿದೆ. ‘ನಿಮ್ಮವರು ಎಲ್ಲಿ?’ ಅಂತ ಕೇಳಿಸಿಕೊಂಡು ಸುಸ್ತಾಗಿದ್ದ ಒಂದು ಇಡೀ ತಲೆಮಾರಿನ ಸ್ಕಾಟರಿಗೆ ಇದು ದೊಡ್ಡ ವಿಷಯ.

ಒಂದು ಮಾತು ಮೊದಲೇ ಹೇಳಬೇಕು. ಬಹುತೇಕ ದಿನ ಈ ಎರಡು ಜನರ ನಡುವೆ ಏನೂ ಜಗಳ ಇಲ್ಲ. ಗಡಿಯಲ್ಲಿ ಚೆಕ್‌ಪೋಸ್ಟ್ ಇಲ್ಲ, ಪಾಸ್‌ಪೋರ್ಟ್ ಬೇಕಿಲ್ಲ. 2011ರ ಜನಗಣತಿಯ ಪ್ರಕಾರ ಸ್ಕಾಟ್ಲೆಂಡ್‌ನಲ್ಲಿ ಇರುವ ನೂರು ಜನರಲ್ಲಿ ಒಂಬತ್ತು ಜನ ಇಂಗ್ಲೆಂಡ್‌ನಲ್ಲಿ ಹುಟ್ಟಿದವರು. ಅಂದರೆ ಸುಮಾರು ನಾಲ್ಕೂವರೆ ಲಕ್ಷ. ಅಲ್ಲಿನ ಅತಿ ದೊಡ್ಡ ವಲಸಿಗ ಗುಂಪು ಇವರೇ. ಮದುವೆ, ಕೆಲಸ, ಓದು, ಎಲ್ಲದರಲ್ಲೂ ಬೆರೆತು ಹೋಗಿದ್ದಾರೆ. ಹಾಗಿದ್ದೂ ಮುನಿಸು ಉಳಿದಿದೆ.

ನನ್ನ ಪ್ರಕಾರ ಈ ಮುನಿಸಿನ ಬೇರು ಹಳೆಯ ಯುದ್ಧಗಳಲ್ಲಿ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುವ ರೀತಿಯೇ ಬೇರೆ, ಬೇರು ಇರುವುದು ಅಲ್ಲಿ. ಇಂಗ್ಲೆಂಡಿನ ಜನಸಂಖ್ಯೆ ಸುಮಾರು 5.7 ಕೋಟಿ. ಸ್ಕಾಟ್ಲೆಂಡಿನದು ಸುಮಾರು 55 ಲಕ್ಷ. ಹತ್ತು ಪಟ್ಟು ವ್ಯತ್ಯಾಸ. ದೊಡ್ಡ ಮನೆಯ ಪಕ್ಕದಲ್ಲಿರುವ ಸಣ್ಣ ಮನೆಯವರಿಗೆ ಆ ಮನೆಯಲ್ಲಿ ಏನು ನಡೆದರೂ ಗೊತ್ತಾಗುತ್ತದೆ, ಗೊತ್ತಾಗದೆ ಇರಲು ಸಾಧ್ಯವೇ ಇಲ್ಲ. ದೊಡ್ಡ ಮನೆಯವರಿಗೆ ಪಕ್ಕದವರ ನೆನಪು ಬರುವುದು ಹಬ್ಬಕ್ಕೋ ಜಗಳಕ್ಕೋ ಮಾತ್ರ. ಸ್ಕಾಟ್ಲೆಂಡಿನ ಮನೆಗಳ ಟಿವಿಯಲ್ಲಿ ಲಂಡನ್ನಿನ ಸುದ್ದಿ ದಿನವೂ ಬರುತ್ತದೆ. ಇಂಗ್ಲೆಂಡಿಗೆ ಮಾತ್ರ ಅನ್ವಯಿಸುವ ಶಾಲೆ, ಆಸ್ಪತ್ರೆ ವಿಷಯಗಳನ್ನೂ ‘ದೇಶದ ಸುದ್ದಿ’ ಅಂತಲೇ ಓದುತ್ತಾರೆ. ಗ್ಲಾಸ್ಗೋದ ಸುದ್ದಿ ಲೀಡ್ಸ್‌ನ ಮನೆಗೆ ಅಪರೂಪಕ್ಕೆ ಹೋಗುತ್ತದೆ.

ಜನಗಣತಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. 2011ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ‘ನೀವು ಯಾರು?’ ಎಂಬ ಪ್ರಶ್ನೆಗೆ ಶೇ 57.7 ಜನ ‘ಇಂಗ್ಲಿಷ್’ ಎಂದಷ್ಟೇ ಗುರುತು ಹಾಕಿದ್ದರು. 2021ರಲ್ಲಿ ಅದು ಶೇ 14.9ಕ್ಕೆ ಇಳಿಯಿತು. ‘ಬ್ರಿಟಿಷ್’ ಎಂದಷ್ಟೇ ಹೇಳಿದವರು ಶೇ 19.1ರಿಂದ ಶೇ 54.8ಕ್ಕೆ ಏರಿದರು. ಹತ್ತು ವರ್ಷದಲ್ಲಿ ಜನರ ಮನಸ್ಸು ಇಷ್ಟು ಬದಲಾಯಿತಾ? ಇಲ್ಲ. ಇಂಗ್ಲೆಂಡಿನ ನಮೂನೆಯಲ್ಲಿ ಈ ಸಲ ‘ಬ್ರಿಟಿಷ್’ ಎಂಬ ಆಯ್ಕೆಯನ್ನು ಮೊದಲು ಹಾಕಿದ್ದರು, ಏರಿಳಿತಕ್ಕೆ ಅದೂ ದೊಡ್ಡ ಕಾರಣ ಅಂತ ಅಂಕಿಅಂಶ ಇಲಾಖೆಯೇ ಹೇಳಿತು. ತುಂಬಾ ಜನ ಇಂಗ್ಲಿಷರಿಗೆ ಎರಡೂ ಒಂದೇ, ಮೊದಲು ಕಂಡದ್ದಕ್ಕೆ ಟಿಕ್ ಹಾಕುತ್ತಾರೆ. ಸ್ಕಾಟ್ಲೆಂಡ್‌ನಲ್ಲಿ 2022ರ ಗಣತಿಯಲ್ಲಿ ಶೇ 65.5 ಜನ ‘ಸ್ಕಾಟಿಷ್’ ಎಂದಷ್ಟೇ ಹೇಳಿದರು. ಅವರಿಗೆ ಅವೆರಡು ಬೇರೆ ಬೇರೆ ಅನ್ನುವುದರಲ್ಲಿ ಅನುಮಾನವೇ ಇಲ್ಲ.

ಇಂಗ್ಲಿಷರ ಕಡೆಯಿಂದ ಬರುವ ನೋವು ಹೆಚ್ಚಾಗಿ ಈ ಮರೆವಿನಿಂದ ಬರುವುದು. ಸ್ಕಾಟರ ಕಡೆಯಿಂದ ಬರುವ ನೋವು ಯಾವುದನ್ನೂ ಮರೆಯದೆ ಇರುವುದರಿಂದ. ಇದನ್ನು ಹಿಡಿದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ.

ನೋಟಿನ ವಿಷಯವನ್ನೇ ನೋಡಿ. ಸ್ಕಾಟ್ಲೆಂಡ್‌ನಲ್ಲಿ ಮೂರು ವಾಣಿಜ್ಯ ಬ್ಯಾಂಕುಗಳು ತಮ್ಮದೇ ಪೌಂಡ್ ನೋಟು ಹೊರಡಿಸುತ್ತವೆ: ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಮತ್ತು ಕ್ಲೈಡ್ಸ್‌ಡೇಲ್ ಬ್ಯಾಂಕ್. ರಾಯಲ್ ಬ್ಯಾಂಕಿನ ಹತ್ತು ಪೌಂಡ್ ನೋಟಿನ ಮೇಲೆ ವಿಜ್ಞಾನಿ ಮೇರಿ ಸಾಮರ್‌ವಿಲ್ ಚಿತ್ರವಿದೆ. ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ನೋಟುಗಳ ಮೇಲೆ ಸರ್ ವಾಲ್ಟರ್ ಸ್ಕಾಟ್ ಇದ್ದಾರೆ. 1826ರಲ್ಲಿ ಲಂಡನ್ ಸರ್ಕಾರ ಐದು ಪೌಂಡಿಗಿಂತ ಕಡಿಮೆ ಬೆಲೆಯ ನೋಟುಗಳನ್ನು ನಿಲ್ಲಿಸಲು ಹೊರಟಾಗ ಪತ್ರಿಕೆಯಲ್ಲಿ ಬರೆದು ಬರೆದು ಸ್ಕಾಟ್ಲೆಂಡಿನ ಮಟ್ಟಿಗೆ ಅದನ್ನು ತಡೆದವರು ಅವರು. ಈ ನೋಟು ಹಿಡಿದು ಒಬ್ಬ ಸ್ಕಾಟ್ ಲಂಡನ್ನಿನ ಸಣ್ಣ ಅಂಗಡಿಗೆ ಹೋಗುತ್ತಾನೆ. ಅಂಗಡಿಯವನು ನೋಟನ್ನು ತಿರುಗಿಸಿ ನೋಡುತ್ತಾನೆ, ಬೆಳಕಿಗೆ ಹಿಡಿಯುತ್ತಾನೆ, ‘ಇದು ನಡೆಯಲ್ಲ’ ಅನ್ನುತ್ತಾನೆ. ಹಿಂದೆ ಕ್ಯೂ ನಿಂತಿರುತ್ತದೆ. ಸ್ಕಾಟ್ ಮುಖ ಕೆಂಪಾಗಿ, ‘ಇದು ಕಾನೂನುಬದ್ಧ ಹಣ ಕಣ್ರೀ’ ಅಂತ ವಾದಕ್ಕೆ ನಿಲ್ಲುತ್ತಾನೆ.

ಕಾನೂನು ನೋಡಿದರೆ ಇಬ್ಬರದೂ ಅರ್ಧ ಸರಿ. ಸ್ಕಾಟಿಷ್ ನೋಟು ಪಾರ್ಲಿಮೆಂಟಿನ ಒಪ್ಪಿಗೆ ಇರುವ ಹಣ. ಅದಕ್ಕೆ ಸಮನಾದ ಮೊತ್ತವನ್ನು ಆ ಬ್ಯಾಂಕುಗಳು ಬ್ಯಾಂಕ್ ಆಫ್ ಇಂಗ್ಲೆಂಡ್‌ನಲ್ಲಿ ಇಡಬೇಕು. ಅದಕ್ಕೆಂದೇ ಹತ್ತು ಲಕ್ಷ ಪೌಂಡಿನ, ಹತ್ತು ಕೋಟಿ ಪೌಂಡಿನ ವಿಶೇಷ ನೋಟುಗಳಿವೆ, ಅವು ಬೀದಿಗೆ ಬರುವುದಿಲ್ಲ. ಆದರೆ ‘ಲೀಗಲ್ ಟೆಂಡರ್’ (ಸಾಲ ತೀರಿಸಲು ಕೊಟ್ಟರೆ ಬೇಡ ಅನ್ನಲಾಗದ ಹಣ) ಎಂಬ ಕಟ್ಟುನಿಟ್ಟಿನ ಅರ್ಥದಲ್ಲಿ ಸ್ಕಾಟಿಷ್ ನೋಟು ಎಲ್ಲೂ ಲೀಗಲ್ ಟೆಂಡರ್ ಅಲ್ಲ, ಸ್ಕಾಟ್ಲೆಂಡ್‌ನಲ್ಲೂ ಅಲ್ಲ. ಸ್ಕಾಟ್ಲೆಂಡ್‌ನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೂ ಆ ಪಟ್ಟ ಇಲ್ಲ. ಅಲ್ಲೆಲ್ಲಾ ನಡೆಯುವುದು ನಂಬಿಕೆ ಮೇಲೆ. ಅಂಗಡಿಯವನಿಗೆ ಬೇಡ ಅನ್ನುವ ಹಕ್ಕಿದೆ.

ಅಂಗಡಿಯವನ ಮನಸ್ಸಿನಲ್ಲಿ ದ್ವೇಷ ಇರಬೇಕೆಂದೇನಿಲ್ಲ. ಪರಿಚಯವಿಲ್ಲದ ನೋಟು, ಖೋಟಾ ಇರಬಹುದು ಎಂಬ ಭಯ, ಅಷ್ಟೇ. ಆದರೆ ಆ ಸ್ಕಾಟ್‌ಗೆ ಕೇಳಿಸುವುದು ಬೇರೆಯೇ. ನಿಮ್ಮ ನೋಟನ್ನು ನಾವು ಕಣ್ಣು ಮುಚ್ಚಿ ತಗೊಳ್ತೀವಿ, ಮುನ್ನೂರು ವರ್ಷದಿಂದ ಒಂದೇ ದೇಶ, ಆದರೂ ನಮ್ಮ ದುಡ್ಡು ನಿಮಗೆ ದುಡ್ಡಲ್ಲ. ಒಬ್ಬನಿಗೆ ಅದು ಎರಡು ನಿಮಿಷದ ಮಾತು. ಇನ್ನೊಬ್ಬ ಅದನ್ನು ಊರಿಗೆ ಹೋಗಿ ಹತ್ತು ಜನಕ್ಕೆ ಹೇಳುತ್ತಾನೆ.

ಹಾಗಂತ ಇಂಗ್ಲಿಷರ ಕಡೆ ಇರುವುದೆಲ್ಲ ಬರೀ ಮರೆವು ಅಂದರೆ ಅದು ಅವರಿಗೆ ಜಾಸ್ತಿ ರಿಯಾಯಿತಿ ಕೊಟ್ಟ ಹಾಗೆ. ಸ್ಕಾಟರು ಜಿಪುಣರು, ಕುಡುಕರು, ಮುಂಗೋಪಿಗಳು, ನಮ್ಮ ತೆರಿಗೆ ಹಣ ತಿನ್ನುವವರು ಎಂಬ ಮಾತುಗಳು ಬಹಳ ಹಳೆಯವು. 1762ರಲ್ಲಿ ಲಾರ್ಡ್ ಬ್ಯೂಟ್ ಪ್ರಧಾನಿಯಾದರು. ಆ ಹುದ್ದೆಗೆ ಏರಿದ ಮೊದಲ ಸ್ಕಾಟ್. ಸ್ಕಾಟರೆಲ್ಲ ದಂಡು ಕಟ್ಟಿಕೊಂಡು ಲಂಡನ್ನಿನ ಕೆಲಸಗಳನ್ನು ಬಾಚಿಕೊಳ್ಳುತ್ತಿದ್ದಾರೆ ಅಂತ ಪತ್ರಿಕೆಗಳು, ವ್ಯಂಗ್ಯಚಿತ್ರಗಳು ಅವರ ಮೇಲೆ ಮುಗಿಬಿದ್ದವು. ಮರು ವರ್ಷವೇ ಅವರು ಕೆಳಗಿಳಿದರು.

ಇದೇ ದೂರು 240 ವರ್ಷದ ನಂತರ ಅದೇ ರೂಪದಲ್ಲಿ ಮತ್ತೆ ಬಂತು. ಆಗ ಪ್ರಧಾನಿಯಾಗಿದ್ದ ಟೋನಿ ಬ್ಲೇರ್ ಹುಟ್ಟಿದ್ದು ಎಡಿನ್‌ಬರೋದಲ್ಲಿ, ಅವರ ಸಂಪುಟದಲ್ಲೂ ಸ್ಕಾಟರು ಹಲವರಿದ್ದರು. 2005ರಲ್ಲಿ ಬಿಬಿಸಿಯ ಹೆಸರಾಂತ ನಿರೂಪಕ ಜೆರೆಮಿ ಪ್ಯಾಕ್ಸ್‌ಮನ್ ನಾವೀಗ ಒಂಥರಾ ‘ಸ್ಕಾಟಿಷ್ ರಾಜ್’ ಕೆಳಗಿದ್ದೇವೆ ಅಂದರು. ಬ್ರಿಟಿಷ್ ರಾಜ್ ಕೆಳಗೆ ಬದುಕಿದ ದೇಶದವರಾದ ನಮಗೆ ಆ ಹೋಲಿಕೆ ಎಷ್ಟು ಉತ್ಪ್ರೇಕ್ಷೆ ಅನ್ನುವುದು ತಕ್ಷಣ ಗೊತ್ತಾಗುತ್ತದೆ. 2009ರಲ್ಲಿ ಇನ್ನೊಬ್ಬ ಟಿವಿ ನಿರೂಪಕ ಜೆರೆಮಿ ಕ್ಲಾರ್ಕ್‌ಸನ್ ಆಸ್ಟ್ರೇಲಿಯಾದಲ್ಲಿ ಪತ್ರಕರ್ತರ ಮುಂದೆ ಪ್ರಧಾನಿ ಗಾರ್ಡನ್ ಬ್ರೌನ್ ಅವರನ್ನು ‘ಒಕ್ಕಣ್ಣಿನ ಸ್ಕಾಟಿಷ್ ಮೂರ್ಖ’ ಎಂದರು. ಬ್ರೌನ್ ಹುಡುಗನಾಗಿದ್ದಾಗ ರಗ್ಬಿ ಆಡುವಾಗ ಪೆಟ್ಟಾಗಿ ಒಂದು ಕಣ್ಣು ಕಳೆದುಕೊಂಡವರು. ಗಲಾಟೆಯಾದ ಮೇಲೆ ಕ್ಲಾರ್ಕ್‌ಸನ್ ಕ್ಷಮೆ ಕೇಳಿದ್ದು ಅವರ ಚಹರೆಯ ಬಗ್ಗೆ ಆಡಿದ ಮಾತಿಗೆ. ಒಬ್ಬರ ನಾಡಿನ ಹೆಸರನ್ನು ಬೈಗುಳದ ಜೊತೆ ಸೇರಿಸಿದ್ದಕ್ಕೆ ಬೇರೆ ಕ್ಷಮೆ ಬೇಕು ಅಂತ ಅವರಿಗೆ ಅನ್ನಿಸಲಿಲ್ಲ. 2015ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷ ಒಂದು ಪೋಸ್ಟರ್ ಹಾಕಿತು. ಅದರಲ್ಲಿ ಲೇಬರ್ ನಾಯಕ ಎಡ್ ಮಿಲಿಬ್ಯಾಂಡ್, ಸ್ಕಾಟಿಷ್ ನಾಯಕ ಅಲೆಕ್ಸ್ ಸಾಮಂಡ್ ಅವರ ಜೇಬಿನಲ್ಲಿ ಪುಟ್ಟದಾಗಿ ಕೂತಿದ್ದರು. ಸ್ಕಾಟರು ನಿಮ್ಮ ಸರ್ಕಾರ ನಡೆಸುತ್ತಾರೆ, ಎಚ್ಚರ ಎಂಬ ಸಂದೇಶ ಅದು. ಬ್ಯೂಟ್ ಕಾಲದ ವ್ಯಂಗ್ಯಚಿತ್ರಗಳೂ ಇದನ್ನೇ ಹೇಳಿದ್ದವು.

ಟೆನಿಸ್ ಆಟಗಾರ ಆ್ಯಂಡಿ ಮರ್ರೆ ಕಥೆಯೂ ಇಲ್ಲೇ ಬರುತ್ತದೆ. 2006ರ ಅದೇ ವಿಶ್ವಕಪ್ ಸಮಯ, ಅವರಿಗೆ 19 ವರ್ಷ. ಯಾರಿಗೆ ಬೆಂಬಲ ಅಂತ ಒಬ್ಬ ಪತ್ರಕರ್ತ ಛೇಡಿಸಿದಾಗ, ಇಂಗ್ಲೆಂಡ್ ಎದುರು ಯಾರು ಆಡುತ್ತಾರೋ ಅವರಿಗೆ ಅಂದುಬಿಟ್ಟರು. ಅದು ತಮಾಷೆ ಅಂತ ಎಷ್ಟು ಸಲ ಹೇಳಿದರೂ ಬಿಡಲಿಲ್ಲ, ವರ್ಷಗಟ್ಟಲೆ ಬೈಗುಳ ಬಂತು. ಗೆದ್ದರೆ ಬ್ರಿಟಿಷ್, ಸೋತರೆ ಸ್ಕಾಟಿಷ್ ಅಂತ ಪತ್ರಿಕೆಗಳು ಬರೆಯುತ್ತವೆ ಎಂಬ ಮಾತೇ ಹುಟ್ಟಿಕೊಂಡಿತು. 1936ರಲ್ಲಿ ಫ್ರೆಡ್ ಪೆರಿ ಗೆದ್ದ ನಂತರ ವಿಂಬಲ್ಡನ್ ಪುರುಷರ ಸಿಂಗಲ್ಸ್ ಗೆದ್ದ ಮೊದಲ ಬ್ರಿಟಿಷ್ ಆಟಗಾರ ಮರ್ರೆ. ಅದು 2013ರಲ್ಲಿ. ಮರು ವರ್ಷ ಸ್ಕಾಟ್ಲೆಂಡ್ ಸ್ವಾತಂತ್ರ್ಯದ ಪರ ಒಂದೇ ಒಂದು ಟ್ವೀಟ್ ಮಾಡಿದ್ದಕ್ಕೆ ಮತ್ತೆ ಹೊಲಸು ಮಾತು. ಅವರು ಚಿಕ್ಕವರಿದ್ದಾಗ ಅವರ ಊರು ಡನ್‌ಬ್ಲೇನ್‌ನ ಶಾಲೆಯಲ್ಲಿ ಗುಂಡಿನ ದಾಳಿಯಾಗಿ 16 ಮಕ್ಕಳು, ಒಬ್ಬ ಶಿಕ್ಷಕಿ ಸತ್ತಿದ್ದರು. ಅದೇ ಶಾಲೆಯಲ್ಲಿ ಅವರೂ ಓದುತ್ತಿದ್ದರು. ಬೈದವರು ಅದನ್ನೂ ಎಳೆದು ತಂದರು.

ಈಗ ಗಡಿಯ ಆ ಕಡೆ ಹೋಗೋಣ. ಸ್ಕಾಟ್ಲೆಂಡ್‌ನಲ್ಲಿ ಇಂಗ್ಲಿಷ್ ಉಚ್ಚಾರಣೆ ಕೇಳಿದ ತಕ್ಷಣ ತಲೆಯಲ್ಲಿ ಒಂದು ಚಿತ್ರ ಬರುತ್ತದೆ: ಶ್ರೀಮಂತ, ಖಾಸಗಿ ಶಾಲೆಯಲ್ಲಿ ಓದಿದವನು, ಕನ್ಸರ್ವೇಟಿವ್ ಮತದಾರ, ನಮ್ಮ ಮೇಲೆ ಯಜಮಾನಿಕೆ ಮಾಡಲು ಬಂದವನು. ಎದುರಿಗಿರುವವರು ನ್ಯೂಕಾಸಲ್‌ನ ಗಣಿ ಕಾರ್ಮಿಕರ ಮನೆಯವರೂ ಆಗಿರಬಹುದು. ಉತ್ತರದ ಗುಡ್ಡಗಾಡು ಪ್ರದೇಶವಾದ ಹೈಲ್ಯಾಂಡ್ಸ್ ಕಡೆಯ ಹಳ್ಳಿಗಳಲ್ಲಿ ಇಂಗ್ಲೆಂಡಿನಿಂದ ಬಂದು ಮನೆ ಕೊಂಡವರಿಗೆ ‘ಬಿಳಿ ವಸಾಹತುಗಾರರು’ ಎಂಬ ಹೆಸರಿದೆ. ಲಂಡನ್ನಿನಲ್ಲಿ ಫ್ಲ್ಯಾಟ್ ಮಾರಿ ಬಂದವರ ದುಡ್ಡಿನ ಎದುರು ಹಳ್ಳಿಯ ಯುವಕರಿಗೆ ಮನೆ ಕೊಳ್ಳಲು ಆಗುವುದಿಲ್ಲ ಎಂಬ ಸಿಟ್ಟು ನಿಜವಾದದ್ದು. ಆದರೆ ಎಡಿನ್‌ಬರೋದಿಂದ ಬಂದು ರಜೆಯ ಮನೆ ಕೊಂಡವರಿಂದಲೂ ಅದೇ ತೊಂದರೆ ಆಗುತ್ತದೆ, ಅವರಿಗೆ ಮಾತ್ರ ಈ ಹೆಸರು ಅಂಟುವುದಿಲ್ಲ.

ಮಕ್ಕಳಿಗೆ ಇದು ಜಾಸ್ತಿ ತಾಗುತ್ತದೆ. ದೊಡ್ಡವರು ನಕ್ಕು ಸುಮ್ಮನಾಗಬಹುದು. ಮ್ಯಾಂಚೆಸ್ಟರ್‌ನಿಂದ ಬಂದು ಸ್ಕಾಟಿಷ್ ಶಾಲೆಗೆ ಸೇರಿದ ಹತ್ತು ವರ್ಷದ ಹುಡುಗಿ ಬಾಯಿ ಬಿಟ್ಟರೆ ಗುರುತು ಸಿಗುತ್ತಾಳೆ. ಎಷ್ಟೋ ಮಕ್ಕಳು ಶಾಲೆಗೊಂದು, ಮನೆಗೊಂದು ಉಚ್ಚಾರಣೆ ಇಟ್ಟುಕೊಂಡು ಬೆಳೆಯುತ್ತಾರೆ. ಲಂಡನ್ ಆಫೀಸಿನಲ್ಲಿ ತನ್ನ ಮಾತನ್ನು ಅಣಕಿಸುತ್ತಾರೆ ಅಂತ ನಿಧಾನಕ್ಕೆ ಇಂಗ್ಲಿಷ್ ಧಾಟಿಗೆ ಹೊರಳುವ ಸ್ಕಾಟ್ ಮಾಡುವುದೂ ಇದನ್ನೇ.

ಗ್ಲಾಸ್ಗೋ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2000ದ ದಶಕದಲ್ಲಿ ಸ್ಕಾಟ್ಲೆಂಡ್‌ನ ಪಾಕಿಸ್ತಾನಿ ಮೂಲದವರನ್ನೂ ಇಂಗ್ಲೆಂಡಿನಿಂದ ಬಂದವರನ್ನೂ ಒಟ್ಟಿಗೆ ಅಧ್ಯಯನ ಮಾಡಿದರು. ಮುಸ್ಲಿಮರ ವಿರುದ್ಧದ ಪೂರ್ವಗ್ರಹದಷ್ಟು ಇಂಗ್ಲಿಷರ ವಿರುದ್ಧದ ಪೂರ್ವಗ್ರಹ ತೀವ್ರವಾಗಿರಲಿಲ್ಲ. ಆದರೆ ಇನ್ನೊಂದು ಅಂಶ ಗಮನ ಸೆಳೆಯಿತು. ಪಾಕಿಸ್ತಾನಿ ಮೂಲದವರು ತಮ್ಮನ್ನು ‘ಸ್ಕಾಟಿಷ್’ ಅಂತ ಸಲೀಸಾಗಿ ಕರೆದುಕೊಳ್ಳುತ್ತಿದ್ದರು. ಬಿಳಿ ಬಣ್ಣದ, ಅದೇ ಭಾಷೆಯ ಇಂಗ್ಲಿಷರಿಗೆ ಅದು ಆಗುತ್ತಿರಲಿಲ್ಲ. ನನಗೆ ಇದು ಆಶ್ಚರ್ಯ ಅನ್ನಿಸುವುದಿಲ್ಲ. ಸ್ಕಾಟ್ ಎಂದರೆ ಇಂಗ್ಲಿಷ್ ಅಲ್ಲದವನು ಎಂಬ ಅರ್ಥ ಒಳಗೆ ಕೂತಿದ್ದರೆ, ಬಾಗಿಲು ಮುಚ್ಚುವುದು ಒಬ್ಬರಿಗೆ ಮಾತ್ರ.

ಕಾನೂನು ಇದನ್ನು ಗಂಭೀರವಾಗಿಯೇ ತೆಗೆದುಕೊಂಡಿದೆ. ಬಿಬಿಸಿ ಸ್ಕಾಟ್ಲೆಂಡ್‌ನಲ್ಲಿ ರಗ್ಬಿ ಕಾರ್ಯಕ್ರಮ ನಡೆಸುತ್ತಿದ್ದ ಇಂಗ್ಲಿಷ್ ನಿರೂಪಕರೊಬ್ಬರು, ತಾನು ಇಂಗ್ಲಿಷ್ ಎಂಬ ಕಾರಣಕ್ಕೆ ಬಿಬಿಸಿ ತನ್ನನ್ನು ಕೆಲಸದಲ್ಲಿ ಮುಂದುವರಿಸಲಿಲ್ಲ ಅಂತ ದೂರು ಕೊಟ್ಟರು. ಸ್ಕಾಟರು, ಇಂಗ್ಲಿಷರು ಎಂಬ ಭೇದ ಜನಾಂಗೀಯ ತಾರತಮ್ಯದ ಕಾನೂನಿನಡಿ ಬರುತ್ತದಾ ಎಂಬುದು ಪ್ರಶ್ನೆ. 2000ದಲ್ಲಿ ಸ್ಕಾಟ್ಲೆಂಡಿನ ಕೋರ್ಟ್ ಆಫ್ ಸೆಷನ್ ಬರುತ್ತದೆ ಎಂದಿತು. ಇಬ್ಬರ ‘ರಾಷ್ಟ್ರೀಯ ಮೂಲ’ ಬೇರೆ, ಅದರ ಆಧಾರದಲ್ಲಿ ಭೇದ ಮಾಡುವಂತಿಲ್ಲ. ಈಗಿನ 2010ರ ಸಮಾನತೆ ಕಾಯ್ದೆಯಲ್ಲೂ ರಾಷ್ಟ್ರೀಯ ಮೂಲ ಸೇರಿದೆ. ಹಾಗಾಗಿ ಆಫೀಸಿನಲ್ಲಿ ‘ಬರೀ ತಮಾಷೆ’ ಎಂಬ ಸಮರ್ಥನೆ ಎಲ್ಲ ಸಲವೂ ನಡೆಯುವುದಿಲ್ಲ.

ಇಷ್ಟಕ್ಕೂ ಈ ಸಿಟ್ಟಿಗೆ ಎಣ್ಣೆ ಸುರಿಯುವುದು ಯಾವುದು? ನನ್ನ ಉತ್ತರ: ಮತ ಮತ್ತು ದುಡ್ಡು. 1987ರಲ್ಲಿ ಸ್ಕಾಟ್ಲೆಂಡಿನ 72 ಸೀಟುಗಳಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಕನ್ಸರ್ವೇಟಿವ್ ಪಕ್ಷಕ್ಕೆ ಸಿಕ್ಕಿದ್ದು ಹತ್ತು. ಆದರೂ ಸರ್ಕಾರ ಅವರದೇ. 1989ರಲ್ಲಿ ಪೋಲ್ ಟ್ಯಾಕ್ಸ್ ಎಂಬ ತಲೆಗಂದಾಯವನ್ನು ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲೇ ಸ್ಕಾಟ್ಲೆಂಡ್‌ಗೆ ತಂದರು. ನಮ್ಮನ್ನು ಪ್ರಯೋಗಕ್ಕೆ ಬಳಸಿದರು ಎಂಬ ನೋವು ಅಲ್ಲಿ ಇನ್ನೂ ಮಾಸಿಲ್ಲ. 2016ರ ಬ್ರೆಕ್ಸಿಟ್ ಮತದಾನದಲ್ಲಿ ಸ್ಕಾಟ್ಲೆಂಡಿನ ಶೇ 62 ಜನ ಯುರೋಪ್ ಒಕ್ಕೂಟದಲ್ಲಿ ಉಳಿಯೋಣ ಅಂದರು, ಆದರೂ ಹೊರಬರಬೇಕಾಯಿತು. ಇವು ನಿಜವಾದ ಪ್ರಜಾಸತ್ತಾತ್ಮಕ ದೂರುಗಳು. ಆದರೆ ಇವನ್ನು ‘ಇಂಗ್ಲಿಷರು ನಮಗೆ ಮಾಡಿದರು’ ಎಂದು ಹೇಳುವಾಗ ಏನೋ ಜಾರಿ ಹೋಗುತ್ತದೆ. ಪೋಲ್ ಟ್ಯಾಕ್ಸ್ ವಿರುದ್ಧ 1990ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕವೇ ಹೊತ್ತಿ ಉರಿದಿತ್ತು. ಲಿವರ್‌ಪೂಲ್, ಮ್ಯಾಂಚೆಸ್ಟರ್, ಲಂಡನ್ ಕೂಡ ಬ್ರೆಕ್ಸಿಟ್ ಬೇಡ ಅಂದಿದ್ದವು. ಹತ್ತು ಲಕ್ಷಕ್ಕೂ ಹೆಚ್ಚು ಸ್ಕಾಟರು ಬ್ರೆಕ್ಸಿಟ್ ಪರ ಮತ ಹಾಕಿದ್ದರು.

ಇಂಗ್ಲೆಂಡಿನವರ ದೂರು ದುಡ್ಡಿನದು. ಬಾರ್ನೆಟ್ ಸೂತ್ರ ಎಂಬ ಲೆಕ್ಕದ ಪ್ರಕಾರ ಲಂಡನ್ ಸರ್ಕಾರದಿಂದ ಸ್ಕಾಟ್ಲೆಂಡಿಗೆ ಹಣ ಹೋಗುತ್ತದೆ. ಅಲ್ಲಿ ತಲಾವಾರು ಸರ್ಕಾರಿ ಖರ್ಚು ಇಂಗ್ಲೆಂಡಿಗಿಂತ ಜಾಸ್ತಿ. 2011ರಿಂದ ಸ್ಕಾಟ್ಲೆಂಡ್‌ನಲ್ಲಿ ವೈದ್ಯರ ಚೀಟಿಗೆ ಔಷಧ ಉಚಿತ, ಇಂಗ್ಲೆಂಡಿನಲ್ಲಿ ಹಲವರು ದುಡ್ಡು ಕೊಡಬೇಕು. ಅಲ್ಲಿನ ನಿವಾಸಿ ವಿದ್ಯಾರ್ಥಿಗಳು ಮೊದಲ ಪದವಿಗೆ ಶುಲ್ಕ ಕಟ್ಟುವುದಿಲ್ಲ. ಅದೇ ತರಗತಿಯ ಪಕ್ಕದ ಬೆಂಚಿನಲ್ಲಿ ಕೂತ ಇಂಗ್ಲೆಂಡಿನ ಹುಡುಗ ವರ್ಷಕ್ಕೆ ಒಂಬತ್ತು ಸಾವಿರ ಪೌಂಡಿಗೂ ಮೇಲೆ ಕಟ್ಟುತ್ತಾನೆ. ಬ್ರೆಕ್ಸಿಟ್‌ಗೆ ಮುಂಚೆ ಫ್ರಾನ್ಸ್, ಪೋಲೆಂಡ್‌ನಿಂದ ಬಂದವರಿಗೂ ಉಚಿತ ಇತ್ತು, ಇಂಗ್ಲೆಂಡ್ ಸೇರಿ ಬ್ರಿಟನ್ನಿನ ಬೇರೆ ಭಾಗಗಳಿಂದ ಬಂದವರಿಗೆ ಇರಲಿಲ್ಲ. ಯುರೋಪ್ ಒಕ್ಕೂಟದ ಕಾನೂನು ದೇಶ ದೇಶಗಳ ನಡುವೆ ಭೇದ ಮಾಡಬಾರದು ಅನ್ನುತ್ತಿತ್ತು, ಒಂದು ದೇಶದ ಒಳಗಿನ ಭೇದ ಅದಕ್ಕೆ ಸಂಬಂಧವಿರಲಿಲ್ಲ. ಆ ಹುಡುಗನ ಅಪ್ಪ ಅಮ್ಮನಿಗೆ ಸಿಟ್ಟು ಬಂದರೆ ತಪ್ಪು ಅನ್ನಲಾಗದು. ಆದರೆ ಇಂಗ್ಲೆಂಡಿನಲ್ಲಿ ಶುಲ್ಕ ಏರಿಸಿದ್ದು ಲಂಡನ್ ಸರ್ಕಾರ, ಎಡಿನ್‌ಬರೋದ ಪಕ್ಕದ ಮನೆಯವರಲ್ಲ. ಸಿಟ್ಟು ಮಾತ್ರ ಪಕ್ಕದ ಮನೆಗೆ ಹೋಗುತ್ತದೆ.

ಇತಿಹಾಸದ ಬಗ್ಗೆ ಎರಡು ಮಾತು. 1746ರ ಕಲೊಡೆನ್ ಯುದ್ಧವನ್ನು ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವಿನ ಕಾಳಗ ಅಂತ ಈಗಲೂ ಹೇಳುತ್ತಾರೆ. ಸರ್ಕಾರಿ ಸೈನ್ಯದಲ್ಲೂ ಸ್ಕಾಟಿಷ್ ರೆಜಿಮೆಂಟುಗಳಿದ್ದವು, ಅದು ಸಿಂಹಾಸನದ ಜಗಳ. ನಂತರ ಹೈಲ್ಯಾಂಡ್ಸ್‌ನಲ್ಲಿ ರೈತರನ್ನು ಒಕ್ಕಲೆಬ್ಬಿಸಿದ ಜಮೀನ್ದಾರರಲ್ಲಿ ಹೆಚ್ಚಿನವರು ಸ್ಕಾಟರೇ. ಸಾಮ್ರಾಜ್ಯದ ವಿಷಯಕ್ಕೆ ಬಂದರೆ ಕನ್ನಡಿಗರಿಗೆ ಇದು ನೇರ ಗೊತ್ತಿರಬೇಕಾದ ಸಂಗತಿ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ದಂಡಿನ ನಾಯಕ ಡೇವಿಡ್ ಬೇರ್ಡ್ ಸ್ಕಾಟ್. ಕೆನರಾದಲ್ಲಿ ಕಂದಾಯ ಗೊತ್ತುಮಾಡಿದ ಥಾಮಸ್ ಮನ್ರೋ ಗ್ಲಾಸ್ಗೋದವರು. ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದವರು. 1800ರಲ್ಲಿ ನಮ್ಮ ಹಳ್ಳಿ ಹಳ್ಳಿ ಸುತ್ತಿ ಬೆಳೆ, ಕಸುಬುಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಕೂಡ ಸ್ಕಾಟ್. ನಾವು ಇವರೆಲ್ಲರನ್ನೂ ‘ಇಂಗ್ಲಿಷರು’ ಎಂದುಬಿಟ್ಟೆವು. ಹಾಗಾಗಿ ಇಂಗ್ಲೆಂಡ್ ಸ್ಕಾಟ್ಲೆಂಡನ್ನೂ ವಸಾಹತು ಮಾಡಿಕೊಂಡಿತ್ತು ಎಂದು ಕೆಲವು ಸ್ಕಾಟರು ಹೇಳುವಾಗ ನಾವು ಒಪ್ಪಿ ತಲೆಯಾಡಿಸಬೇಕಿಲ್ಲ. ಗ್ಲಾಸ್ಗೋ ವಿಶ್ವವಿದ್ಯಾಲಯವೇ 2018ರಲ್ಲಿ ಗುಲಾಮಗಿರಿಯ ದುಡ್ಡಿನಿಂದ ತನಗೆ ಲಾಭವಾಗಿತ್ತು ಎಂದು ವರದಿ ಹೊರಡಿಸಿ ಒಪ್ಪಿಕೊಂಡಿತು. ಆ ಪ್ರಾಮಾಣಿಕತೆಗೆ ಗೌರವ ಸಲ್ಲಬೇಕು.

ಈ ಎಲ್ಲದರ ನಡುವೆ 2014ರ ಸೆಪ್ಟೆಂಬರ್ 18 ಬಂತು. ಸ್ವತಂತ್ರ ದೇಶ ಬೇಕಾ ಎಂಬ ಮತದಾನ. ಶೇ 84.6 ಜನ ಮತ ಹಾಕಿದರು. ಶೇ 55.3 ಬೇಡ, ಶೇ 44.7 ಬೇಕು. ಮತದ ಹಕ್ಕನ್ನು ಹುಟ್ಟಿನ ಮೇಲೆ ಕೊಡಲಿಲ್ಲ, ವಾಸದ ಮೇಲೆ ಕೊಟ್ಟರು. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಸ್ಕಾಟರಿಗೆ ಮತ ಇರಲಿಲ್ಲ. ಸ್ಕಾಟ್ಲೆಂಡ್‌ನಲ್ಲಿದ್ದ ಇಂಗ್ಲಿಷರಿಗೆ ಇತ್ತು. ಕಾಮನ್‌ವೆಲ್ತ್ ಪ್ರಜೆಗಳಿಗೂ ಇದ್ದ ಕಾರಣ, ಭಾರತದ ಪಾಸ್‌ಪೋರ್ಟ್ ಹಿಡಿದು ಅಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದ ಕನ್ನಡಿಗರಿಗೂ ಇತ್ತು.

ಆಮೇಲೆ ನಡೆದ ಅಧ್ಯಯನದಲ್ಲಿ, ಸ್ಕಾಟ್ಲೆಂಡ್‌ನಲ್ಲೇ ಹುಟ್ಟಿದವರಲ್ಲಿ ಸಣ್ಣ ಬಹುಮತ ಸ್ವಾತಂತ್ರ್ಯದ ಪರ ಇತ್ತು, ಬ್ರಿಟನ್ನಿನ ಬೇರೆ ಕಡೆಯಿಂದ ಬಂದವರಲ್ಲಿ ದೊಡ್ಡ ಬಹುಮತ ವಿರುದ್ಧ ಇತ್ತು ಅಂತ ಗೊತ್ತಾಯಿತು. ಇಂಗ್ಲಿಷರು ನಮ್ಮ ಬಿಡುಗಡೆ ತಪ್ಪಿಸಿದರು, ಮುಂದಿನ ಸಲ ಅವರಿಗೆ ಮತ ಕೊಡಬೇಡಿ ಎಂಬ ಕೂಗು ಕೆಲವು ಕಡೆ ಎದ್ದಿತು. ದ್ವೇಷದ ರಾಜಕಾರಣಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಸ್ವಾತಂತ್ರ್ಯದ ಪರ ಇರುವ, ಆಗ ಅಲ್ಲಿ ಆಡಳಿತದಲ್ಲಿದ್ದ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯ ನಾಯಕರು ಆ ದಾರಿ ಹಿಡಿಯಲಿಲ್ಲ. ಅವರ ಆಡಳಿತದ ಬಗ್ಗೆ ನೂರು ತಕರಾರು ಇರಬಹುದು, ಈ ವಿಷಯದಲ್ಲಿ ಅವರು ಸರಿ ನಡೆದರು. 2020ರಲ್ಲಿ ಸ್ಕಾಟಿಷ್ ಪಾರ್ಲಿಮೆಂಟ್ ಹೊಸ ಕಾಯ್ದೆ ತಂದು ಮತದಾರರ ಪಟ್ಟಿಯನ್ನು ಇನ್ನೂ ದೊಡ್ಡದು ಮಾಡಿತು. ಈಗ ಅಲ್ಲಿರಲು ಕಾನೂನಿನ ಅನುಮತಿ ಇರುವ ಯಾವ ದೇಶದವರೇ ಆಗಲಿ, ನಿರಾಶ್ರಿತರೇ ಆಗಲಿ, ಸ್ಕಾಟಿಷ್ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತ ಹಾಕಬಹುದು. ನ್ಯೂಕಾಸಲ್‌ನಿಂದ ಬಂದವರಿಗೂ, ದಾವಣಗೆರೆಯಿಂದ ಹೋದವರಿಗೂ ಅಲ್ಲಿ ಒಂದೇ ಮತಪತ್ರ.